ಬರ್ಗರ್‌ಗೆ ಸುಟ್ಟ ಹಣ್ಣು: ಅನಾನಸ್ಸೋ, ಗಿಣಿಮೂತಿ ಮಾವೋ, ನೇಂದ್ರ ಬಾಳೆಯೋ?

ಬರ್ಗರ್‌ಗೆಂದು ಹಣ್ಣು ಆರಿಸುವಾಗ ಹೆಚ್ಚಿನವರು ಸಿಹಿ ನೋಡುತ್ತಾರೆ. ನೋಡಬೇಕಾದದ್ದು ಹುಳಿ, ಆಮೇಲೆ ಗಟ್ಟಿತನ. ಮೈಸೂರು, ಮಂಡ್ಯ ಕಡೆಯ ಮದುವೆ ಊಟದಲ್ಲಿ ಅನಾನಸ್ ಗೊಜ್ಜು ಬಡಿಸಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆಲ್ಲದ ಸಿಹಿ, ಹಣ್ಣಿನ ಹುಳಿ, ಬ್ಯಾಡಗಿ ಮೆಣಸಿನಕಾಯಿಯ ಖಾರ, ಉಪ್ಪು ಇವು ಒಂದನ್ನೊಂದು ಹಿಡಿದು ನಿಲ್ಲಿಸಿದಾಗಲೇ ಗೊಜ್ಜು ಗೊಜ್ಜಾಗುತ್ತದೆ. ಬರ್ಗರ್‌ನೊಳಗೆ ಸುಟ್ಟ ಹಣ್ಣಿನ ಕೆಲಸವೂ ಅದೇ. ಪ್ಯಾಟಿಯ ಕೊಬ್ಬಿಗೂ ಉಪ್ಪಿಗೂ ಎದುರಾಗಿ ಹುಳಿ ನಿಲ್ಲದಿದ್ದರೆ ತಿನ್ನುವುದು ಜಾಮ್ ಹಚ್ಚಿದ ಬ್ರೆಡ್ಡಿನಂತಾಗುತ್ತದೆ.

ಹಾಗಾಗಿ ಹಸಿಯಾಗಿ ತಿನ್ನಲು ರುಚಿಯಾದ ಹಣ್ಣು ಬೆಂಕಿಗೆ ಒಳ್ಳೆಯದಲ್ಲ. ಬೆಂಕಿಗೆ ಬೇಕಾದದ್ದು ದೋರೆಗಾಯಿ. ಹಣ್ಣು ಪೂರ್ತಿ ಮಾಗಿದಾಗ ತಿರುಳನ್ನು ಹಿಡಿದಿಟ್ಟ ಪೆಕ್ಟಿನ್ ಸಡಿಲವಾಗಿರುತ್ತದೆ. ಕಾವು ತಗುಲಿದೊಡನೆ ಅದು ಕುಸಿದು ನೀರು ಬಿಡುತ್ತದೆ. ಆ ನೀರು ಕಾವಲಿಯ ಮೇಲೆ ಇರುವಷ್ಟು ಹೊತ್ತು ಉಷ್ಣತೆ 100 ಡಿಗ್ರಿ ದಾಟುವುದಿಲ್ಲ. ಹೊಂಬಣ್ಣ ಬರುವುದು ಅದಕ್ಕಿಂತ ಬಹಳ ಮೇಲೆ, ಸುಮಾರು 140–160 ಡಿಗ್ರಿಯಲ್ಲಿ. ಅಂದರೆ ಹಣ್ಣು ಸುಡುವುದಿಲ್ಲ, ಬೇಯುತ್ತದೆ. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರೆ ತುಸು ಒಳಹೋಗಿ ಹಿಂದಕ್ಕೆ ಬರುವ ಹಣ್ಣು ಸರಿ. ಬೆರಳ ಗುರುತು ಉಳಿದರೆ ಅದನ್ನು ರಸಾಯನಕ್ಕೆ ಬಿಡಿ.

ಹಣ್ಣುಗಳಲ್ಲಿ ಯಾವುದು

ಒಂದೇ ಹಣ್ಣು ತರುವುದಾದರೆ ಅನಾನಸ್ ತನ್ನಿ. ವರ್ಷವಿಡೀ ಸಿಗುತ್ತದೆ, ಹುಳಿ ಸಿಹಿ ಎರಡೂ ಇದೆ, ನಾರು ಇರುವುದರಿಂದ ಕಾವಲಿಯ ಮೇಲೆ ಆಕಾರ ಕೆಡುವುದಿಲ್ಲ. ದೇವರಾಜ ಮಾರುಕಟ್ಟೆಯಲ್ಲಿ ಕೊಳ್ಳುವಾಗ ಪೂರ್ತಿ ಹಳದಿಯಾದದ್ದನ್ನು ಬಿಟ್ಟು ಬುಡದಲ್ಲಿ ಮಾತ್ರ ಹಳದಿ ಏರಿರುವುದನ್ನು ಆರಿಸಿ. ಬುಡ ಮೂಸಿದರೆ ಹಣ್ಣಿನ ವಾಸನೆ ಬರಬೇಕು, ಹೆಂಡದ ವಾಸನೆ ಬಂದರೆ ಒಳಗೆ ಹುಳಿತಿದೆ. ಸಿಪ್ಪೆ, ಕಣ್ಣು ತೆಗೆದು 1ರಿಂದ 1.2 ಸೆಂಟಿಮೀಟರ್ ದಪ್ಪಕ್ಕೆ ಬಿಲ್ಲೆ ಕತ್ತರಿಸಿ. ತೆಳುವಾದರೆ ಮಗುಚುವಾಗ ಹರಿಯುತ್ತದೆ, ಒಂದೂವರೆ ಸೆಂಟಿಮೀಟರ್ ದಾಟಿದರೆ ಕಚ್ಚಿದಾಗ ಬರ್ಗರ್‌ನ ಹಿಂಬದಿಯಿಂದ ಜಾರಿ ಆಚೆ ಬರುತ್ತದೆ. ನಡುವಿನ ದಿಂಡನ್ನು ಸುಡುವ ತನಕ ಇರಗೊಡಿ, ಬಿಲ್ಲೆ ಒಡೆಯದಂತೆ ಹಿಡಿದುಕೊಳ್ಳುತ್ತದೆ. ಆಮೇಲೆ ತೆಗೆದರಾಯಿತು.

ಅನಾನಸ್‌ನಲ್ಲಿ ಒಂದು ಎಚ್ಚರ ಬೇಕು. ಹಸಿ ಅನಾನಸ್‌ನಲ್ಲಿರುವ ಬ್ರೊಮೆಲಿನ್ ಎಂಬ ಕಿಣ್ವ ಮಾಂಸದ, ಹಾಲಿನ ಪ್ರೋಟೀನನ್ನು ಒಡೆಯುತ್ತದೆ. ಹಸಿ ರಸವನ್ನು ಕೈಮಕ್ಕೆ ಕಲಸಿಟ್ಟರೆ ಅರ್ಧ ಗಂಟೆಯಲ್ಲೇ ಅದು ಹಿಡಿತ ಕಳೆದುಕೊಂಡು ಗಂಜಿಯಾಗಲು ಶುರುವಾಗುತ್ತದೆ. ಪನೀರಿಗೆ, ಮೊಸರಿನ ಸಾಸಿಗೆ ಹಾಕಿಟ್ಟರೆ ಕಹಿ ಬರುತ್ತದೆ. ಚೆನ್ನಾಗಿ ಕಾದಾಗ ಕಿಣ್ವ ಸಾಯುತ್ತದೆ, ಆದ್ದರಿಂದ ಬಿಲ್ಲೆಯನ್ನು ಎರಡೂ ಕಡೆ ನಡುವಿನ ತನಕ ಬಿಸಿಯಾಗುವಂತೆ ಸುಡಿ. ಡಬ್ಬಿಯ ಅನಾನಸ್‌ಗೆ ಈ ತೊಂದರೆಯಿಲ್ಲ, ಅದು ಮೊದಲೇ ಕಾದಿರುತ್ತದೆ. ಆದರೆ ಸಕ್ಕರೆ ಪಾಕ ಕುಡಿದು ಹುಳಿಯನ್ನು ಕಳೆದುಕೊಂಡಿರುತ್ತದೆ. ಅನಿವಾರ್ಯವಾದರೆ ಪಾಕ ತೊಳೆದು, ಬಟ್ಟೆಯ ಮೇಲೆ ಹತ್ತು ನಿಮಿಷ ಹರಡಿ, ನಿಂಬೆರಸ ಸವರಿ ಬಳಸಿ.

ಏಪ್ರಿಲ್‌ನಿಂದ ಜುಲೈವರೆಗೆ ಮಾತ್ರ ಅನಾನಸ್ಸನ್ನು ಹಿಂದಿಕ್ಕುವ ಹಣ್ಣು ಒಂದಿದೆ: ತೋತಾಪುರಿ, ನಮ್ಮ ಗಿಣಿಮೂತಿ ಮಾವು. ಉಪ್ಪು ಖಾರ ಹಚ್ಚಿ ಬೀದಿಬದಿಯಲ್ಲಿ ಮಾರುವ ಅದೇ ಕಾಯಿ ತುಸು ಹಳದಿಗೆ ತಿರುಗಿದಾಗ ಬರ್ಗರ್‌ಗೆ ಇದರಷ್ಟು ಹೊಂದುವ ಹಣ್ಣು ಮತ್ತೊಂದಿಲ್ಲ. ತಿರುಳು ಗಟ್ಟಿ, ಹುಳಿ ಧಾರಾಳ, ನೀರು ಕಡಿಮೆ. ಸಿಪ್ಪೆ ಸಮೇತ ಎರಡು ಕೆನ್ನೆ ತೆಗೆದು, ಒಂದೊಂದನ್ನೂ ಒಂದು ಸೆಂಟಿಮೀಟರ್ ದಪ್ಪದ ಎರಡು ಹೋಳು ಮಾಡಿ. ಸಿಪ್ಪೆ ಇರುವ ಅಂಚು ಹೋಳನ್ನು ಕಟ್ಟಿಹಿಡಿಯುತ್ತದೆ. ಸುಟ್ಟ ಮೇಲೆ ಸಿಪ್ಪೆ ಎಳೆದರೆ ಸಲೀಸಾಗಿ ಬರುತ್ತದೆ. ಬಾದಾಮಿಯನ್ನು ದೋರೆಯಾಗಿದ್ದಾಗ ಬಳಸಬಹುದು, ಸುವಾಸನೆ ಹೆಚ್ಚು, ಹುಳಿ ಕಡಿಮೆ, ಸುಡುವ ಸಮಯವೂ ಅರ್ಧ ನಿಮಿಷ ಕಡಿಮೆ. ರಸಪುರಿಯನ್ನು ಮಾತ್ರ ಕಾವಲಿಗೆ ಹಾಕಬೇಡಿ. ಅದು ರಸದ ಹಣ್ಣು, ಹೋಳಾಗಿ ನಿಲ್ಲುವುದಿಲ್ಲ. ಮನೆಯಲ್ಲಿ ಅದೇ ಇದ್ದರೆ ಕೆಳಗೆ ಹೇಳಿರುವ ಗೊಜ್ಜಿಗೆ ಹಿಂಡಿ.

ಬಾಳೆಹಣ್ಣಿನ ವಿಷಯದಲ್ಲಿ ತಳಿಯೇ ಎಲ್ಲ. ನೇಂದ್ರ ಬಾಳೆ ಒಂದೇ ಕಾವಲಿಯ ಮೇಲೆ ನಂಬಿಕಸ್ಥ: ಪಿಷ್ಟ ಹೆಚ್ಚು, ನೀರು ಕಡಿಮೆ, ಹೊರಗೆ ಕೆಂಪಗೆ ಗರಿಗರಿಯಾಗಿ ಒಳಗೆ ಮೆತ್ತಗಿರುತ್ತದೆ. ಸಿಪ್ಪೆ ಹಳದಿಯಾಗಿ ಅಲ್ಲಲ್ಲಿ ಕಪ್ಪು ಚುಕ್ಕೆ ಬಿದ್ದಾಗ ಹದ. ಏಲಕ್ಕಿ ಬಾಳೆ ಚಿಕ್ಕದು, ದೋರೆಯಾಗಿದ್ದರೆ ಉದ್ದುದ್ದ ಸೀಳಿ ಬಳಸಬಹುದು. ಪಚ್ಚಬಾಳೆ ಲೋಳೆಯಾಗುತ್ತದೆ. ನಂಜನಗೂಡಿನ ರಸಬಾಳೆಯ ಪರಿಮಳಕ್ಕೆ ಸಾಟಿಯಿಲ್ಲ, ಅದಕ್ಕೇ ಅದನ್ನು ಬೆಂಕಿಗೆ ಕೊಡಬಾರದು. ಕಾವಿನಲ್ಲಿ ಮೊದಲು ಹೋಗುವುದೇ ಆ ಪರಿಮಳ. ಬಾಳೆಯ ಕೊರತೆ ಹುಳಿ. ನಿಂಬೆರಸವೋ ಹುಣಸೆಯೋ ಹೊರಗಿನಿಂದ ಬರಲೇಬೇಕು, ಖಾರವೂ ಒಂದು ಕೈ ಮುಂದಿರಬೇಕು.

ಸೀಬೆ ಹಣ್ಣನ್ನು ಯಾರೂ ಈ ಕೆಲಸಕ್ಕೆ ನೆನೆಸಿಕೊಳ್ಳುವುದಿಲ್ಲ, ನೆನೆಸಿಕೊಳ್ಳಬೇಕು. ಬಿಳಿ ತಿರುಳಿನ ದೋರೆ ಸೀಬೆಯನ್ನು ನಾಲ್ಕು ಭಾಗ ಮಾಡಿ, ಬೀಜದ ಭಾಗವನ್ನು ಚಮಚದಲ್ಲಿ ಪೂರ್ತಿ ತೆಗೆದು, ಉಳಿದ ಗಟ್ಟಿ ಹೊರಪದರವನ್ನು ಚಪ್ಪಟೆಯಾಗಿ ಸುಟ್ಟರೆ ಮಟನ್ ಪ್ಯಾಟಿಗೆ ಬಹಳ ಚೆನ್ನಾಗಿ ಹೊಂದುತ್ತದೆ. ಬೀಜ ಬಿಟ್ಟರೆ ಹಲ್ಲಿಗೆ ಕಲ್ಲಿನಂತೆ ಸಿಗುತ್ತದೆ. ಹಲಸಿನಲ್ಲಿ ಗಟ್ಟಿ ತೊಳೆಯ ಬಕ್ಕೆ ಜಾತಿ ಮಾತ್ರ ಆಗುತ್ತದೆ, ತೊಳೆಯನ್ನು ಸೀಳಿ ಬಿಡಿಸಿ ಹಾಕಿ. ಆದರೆ ಅದರ ವಾಸನೆ ಪ್ಯಾಟಿಯನ್ನೇ ಮುಚ್ಚಿಹಾಕುತ್ತದೆ, ಇಷ್ಟವಿದ್ದವರಿಗೆ ಮಾತ್ರ. ಪರಂಗಿ ಹಣ್ಣಿಗೆ ಹುಳಿಯಿಲ್ಲ, ಕಲ್ಲಂಗಡಿಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ನೀರು. ಎರಡನ್ನೂ ಬಿಡಿ. ಸೇಬು ನಿಲ್ಲುತ್ತದೆ, ಕೆಡುವುದಿಲ್ಲ, ಆದರೆ ಕೆಂಪು ಸೇಬಿನ ರುಚಿ ಸಪ್ಪೆ. ಹುಳಿಯಿರುವ ಹಸಿರು ಸೇಬು ಸಿಕ್ಕಿದರೆ ಪರವಾಗಿಲ್ಲ.

ಯಾವುದರ ಮೇಲೆ ಸುಡುವುದು

ಗ್ರಿಲ್ ಇಲ್ಲವೆಂದು ಕೈಬಿಡಬೇಡಿ. ದಪ್ಪ ಕಬ್ಬಿಣದ ಕಾವಲಿ ಮನೆಯಲ್ಲಿರುವ ಸಾಧನಗಳಲ್ಲೇ ಉತ್ತಮ. ಹಣ್ಣಿನ ಇಡೀ ಮುಖ ಕಬ್ಬಿಣಕ್ಕೆ ತಾಗುವುದರಿಂದ ಎಲ್ಲ ಕಡೆ ಬಣ್ಣ ಬರುತ್ತದೆ. ಗೆರೆ ಮೂಡಿಸುವ ಗ್ರಿಲ್ ಪ್ಯಾನಿನಲ್ಲಿ ಗೆರೆ ತಾಗಿದ ಕಡೆ ಮಾತ್ರ ಸುಟ್ಟು, ನಡುವಿನ ಜಾಗ ಬರೀ ಹಬೆಯಲ್ಲಿ ಬೇಯುತ್ತದೆ. ಫೋಟೋಗೆ ಚೆಂದ, ರುಚಿಯಲ್ಲಿ ಕಾವಲಿಗಿಂತ ಒಂದು ಮೆಟ್ಟಿಲು ಕೆಳಗೆ. ನಾನ್‌ಸ್ಟಿಕ್ ತವೆಯಲ್ಲಿ ಹಣ್ಣು ಅಂಟುವುದಿಲ್ಲ ನಿಜ, ಆದರೆ ಖಾಲಿ ತವೆಯನ್ನು ಹೊಗೆ ಬರುವಷ್ಟು ಕಾಯಿಸಬಾರದು. ಮಧ್ಯಮ ಉರಿಯಲ್ಲಿ ಒಂದು ನಿಮಿಷ ಹೆಚ್ಚು ಹೊತ್ತು ಬಿಡಿ.

ಇದ್ದಿಲಿನ ಸಿಗಡಿಯ ಹೊಗೆಯ ರುಚಿ ಬೇರೆ ಯಾವುದರಿಂದಲೂ ಬರುವುದಿಲ್ಲ. ಕೆಂಡದ ಮೇಲೆ ಬೂದಿ ಕಟ್ಟಿದ ನಂತರವೇ ಹಣ್ಣಿಡಿ. ಉರಿ ಏಳುತ್ತಿರುವಾಗ ಇಟ್ಟರೆ ಮಸಿ ಹಿಡಿಯುತ್ತದೆ. ಕೆಂಡವನ್ನು ಒಂದು ಬದಿಗೆ ಒತ್ತರಿಸಿ, ಕಾವು ಕಡಿಮೆಯಿರುವ ಬದಿಯೊಂದು ಇರುವಂತೆ ನೋಡಿಕೊಂಡರೆ ಕೊಬ್ಬು ತೊಟ್ಟಿಕ್ಕಿ ಜ್ವಾಲೆ ಎದ್ದಾಗ ಪ್ಯಾಟಿಯನ್ನು ಅತ್ತ ಸರಿಸಬಹುದು. ಸಿಗಡಿಯನ್ನು ತಾರಸಿಯಲ್ಲೋ ಹಿತ್ತಲಲ್ಲೋ ಇಟ್ಟುಕೊಳ್ಳಿ. ಮುಚ್ಚಿದ ಅಡುಗೆಮನೆಯಲ್ಲಿ ಇದ್ದಿಲು ಉರಿಸಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿ ಜೀವಕ್ಕೇ ಅಪಾಯ. ಗ್ಯಾಸ್ ಒಲೆಯ ಮೇಲೆ ಜಾಲರಿ ಇಟ್ಟು ನೇರ ಉರಿಯಲ್ಲಿ ಸುಡುವುದನ್ನು ನಾವು ಒಪ್ಪುವುದಿಲ್ಲ: ರಸ ಸೋರಿ ಬರ್ನರ್ ಕಟ್ಟಿಕೊಳ್ಳುತ್ತದೆ, ಅಂಚು ಕರಕಲಾಗುವಷ್ಟರಲ್ಲಿ ನಡುಭಾಗ ತಣ್ಣಗೇ ಇರುತ್ತದೆ. ಏರ್‌ಫ್ರೈಯರ್, ಓವನ್ ಎರಡೂ ಹಣ್ಣನ್ನು ಒಣಗಿಸುತ್ತವೆ. ಎಂಟು ಹತ್ತು ಜನಕ್ಕೆ ಒಟ್ಟಿಗೆ ಬೇಕಾದಾಗ 200 ಡಿಗ್ರಿಯಲ್ಲಿ 8–10 ನಿಮಿಷ ಇಡಬಹುದು, ಅಷ್ಟೇ.

ಕಾವಲಿಯಲ್ಲಿ ಕ್ರಮ ಹೀಗೆ. ಹೋಳುಗಳನ್ನು ಒಣ ಬಟ್ಟೆಯಲ್ಲಿ ಎರಡೂ ಕಡೆ ಒತ್ತಿ ತೇವ ತೆಗೆಯಿರಿ. ಈ ಒಂದು ಕೆಲಸ ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ಕಾವಲಿಯನ್ನು ಮಧ್ಯಮಕ್ಕಿಂತ ತುಸು ಹೆಚ್ಚು ಉರಿಯಲ್ಲಿ ಕಾಯಿಸಿ. ನೀರಿನ ಹನಿ ಚುಂಯ್ ಎಂದು ಒಂದೆರಡು ಸೆಕೆಂಡಿನಲ್ಲಿ ಆರಬೇಕು. ಹನಿ ಮುತ್ತಿನಂತೆ ಓಡಾಡಿದರೆ ಕಾವು ಮೀರಿದೆ, ಉರಿ ತಗ್ಗಿಸಿ. ಎಣ್ಣೆಯನ್ನು ಕಾವಲಿಗಲ್ಲ, ಹಣ್ಣಿಗೆ ಸವರಿ. ನಾಲ್ಕು ಹೋಳಿಗೆ ಒಂದು ಟೀ ಚಮಚ ಸಾಕು. ಇಟ್ಟ ಮೇಲೆ ಮುಟ್ಟಬೇಡಿ. ಅನಾನಸ್ ಪ್ರತಿ ಬದಿಗೆ ಎರಡೂವರೆಯಿಂದ ಮೂರು ನಿಮಿಷ, ಗಿಣಿಮೂತಿ ಎರಡು, ನೇಂದ್ರ ಒಂದೂವರೆಯಿಂದ ಎರಡು, ಸೀಬೆ ಮೂರು. ಬಣ್ಣ ಬಂದ ಹಣ್ಣು ತಾನಾಗಿಯೇ ಕಾವಲಿ ಬಿಡುತ್ತದೆ, ಮೊಗಚೆ ಕೈಗೆ ಅಂಟಿ ಎಳೆದಂತಾದರೆ ಇನ್ನೂ ಅರ್ಧ ನಿಮಿಷ ಕಾಯಿರಿ. ಬೆಲ್ಲವಾಗಲೀ ಜೇನುತುಪ್ಪವಾಗಲೀ ಸವರುವುದಿದ್ದರೆ ಕೊನೆಯ ಅರ್ಧ ನಿಮಿಷದಲ್ಲಿ ಮಾತ್ರ. ಮೊದಲೇ ಸವರಿದರೆ ಹಣ್ಣು ಬಿಸಿಯಾಗುವ ಮುಂಚೆ ಸಿಹಿ ಕರಕಲಾಗಿ ಕಹಿಯಾಗುತ್ತದೆ.

ದೋಸೆ ಹುಯ್ಯುವ ಕಾವಲಿಯನ್ನೇ ಇದಕ್ಕೆ ಬಳಸಿದರೆ ಮರುದಿನ ದೋಸೆ ಏಳುವುದಿಲ್ಲ. ಸುಟ್ಟ ಸಕ್ಕರೆ ಪದರ ಕಟ್ಟುತ್ತದೆ, ಹಣ್ಣಿನ ಹುಳಿ ಕಾವಲಿಯ ಪಳಗಿದ ಎಣ್ಣೆಪದರವನ್ನು ತಿನ್ನುತ್ತದೆ. ಚಪಾತಿಯ ಕಾವಲಿ ಬಳಸಿ. ದೋಸೆಯದೇ ಗತಿಯೆಂದಾದರೆ ಕೆಲಸ ಮುಗಿದ ಕೂಡಲೇ, ಉರಿ ಆರಿಸಿ ಕಾವು ತುಸು ಇಳಿದಾಗ, ಅರ್ಧ ಲೋಟ ಬಿಸಿನೀರು ಸುರಿದು ಮರದ ಸಟ್ಟುಗದಿಂದ ಕೆರೆದು, ಒರೆಸಿ, ಎಣ್ಣೆ ಹಚ್ಚಿದ ಅರ್ಧ ಈರುಳ್ಳಿಯಿಂದ ಉಜ್ಜಿ ಇಡಿ. ಸುಟ್ಟ ಹಣ್ಣನ್ನೂ ಕಬ್ಬಿಣದ ಮೇಲೆ ಹಾಗೇ ಬಿಡಬೇಡಿ, ಕಪ್ಪಗಾಗಿ ಲೋಹದ ರುಚಿ ಬರುತ್ತದೆ.

ಪ್ಯಾಟಿ: ಕೈಮ, ಕೋಳಿ, ಕಾಳು, ಪನೀರ್

ಹಣ್ಣಿನ ಬರ್ಗರ್‌ಗೆ ಮಟನ್ ಕೈಮ ಮೊದಲನೆಯದು, ಏಕೆಂದರೆ ಹುಳಿಗೆ ಎದುರು ನಿಲ್ಲುವ ಕೊಬ್ಬು ಅದರಲ್ಲಿದೆ. ಕುರಿ ಮಾಂಸ ಕೇಳಿ. ಆಡಿನದು ಬಡಕಲು, ಪ್ಯಾಟಿ ಒಣಗುತ್ತದೆ. ಬನ್ನೂರು ಕುರಿಯ ಹೆಸರು ನಿಂತಿರುವುದೇ ಅದರ ಮಾಂಸದ ಕೊಬ್ಬಿನ ಹದದ ಮೇಲೆ, ಸಿಕ್ಕರೆ ಅದನ್ನೇ ತನ್ನಿ. ಮುಂಗಾಲಿನ ಭಾಗ ತೆಗೆಸಿ, ಐದರಲ್ಲಿ ಒಂದು ಪಾಲು ಕೊಬ್ಬು ಸೇರಿಸಿ, ಯಂತ್ರದಲ್ಲಿ ಒಂದೇ ಸಲ ದಪ್ಪಗೆ ಕೊಚ್ಚಿಸಿ. ಎರಡು ಸಲ ಕೊಚ್ಚಿಸಿದ್ದು ಉಂಡೆ ಸಾರಿಗೆ ಸರಿ, ಇದಕ್ಕಲ್ಲ.

ನಾಲ್ಕು ಪ್ಯಾಟಿಗೆ: ಕೈಮ 500 ಗ್ರಾಂ, ಸಣ್ಣಗೆ ಹೆಚ್ಚಿ ಹಿಂಡಿದ ಈರುಳ್ಳಿ 50 ಗ್ರಾಂ, ಹುರಿಗಡಲೆ ಪುಡಿ 2 ದೊಡ್ಡ ಚಮಚ, ಶುಂಠಿ ಬೆಳ್ಳುಳ್ಳಿ ಪೇಸ್ಟ್ 2 ಟೀ ಚಮಚ, ಹಸಿಮೆಣಸಿನಕಾಯಿ 2, ಕಾಳುಮೆಣಸಿನ ಪುಡಿ ಅರ್ಧ ಟೀ ಚಮಚ, ಚಕ್ಕೆ ಲವಂಗದ ಪುಡಿ ಕಾಲು ಟೀ ಚಮಚ. ಕೈಮ ಉಂಡೆಗೆ ಹಾಕುವ ತೆಂಗಿನಕಾಯಿ ಇಲ್ಲಿ ಬೇಡ, ಕಾವಲಿಯ ಮೇಲೆ ಬೇಗ ಸೀದು ಪ್ಯಾಟಿಯನ್ನು ಸಡಿಲಗೊಳಿಸುತ್ತದೆ. ಬೆರಳ ತುದಿಯಲ್ಲಿ ಒಂದು ನಿಮಿಷಕ್ಕಿಂತ ಕಡಿಮೆ ಹೊತ್ತು ಕಲಸಿ, ತಲಾ 145 ಗ್ರಾಂನಂತೆ 11 ಸೆಂಟಿಮೀಟರ್ ಅಗಲ, ಒಂದೂವರೆ ಸೆಂಟಿಮೀಟರ್ ದಪ್ಪಕ್ಕೆ ತಟ್ಟಿ. ಬೇಯುವಾಗ ಕುಗ್ಗುವುದರಿಂದ ಬನ್ನಿಗಿಂತ ಅಗಲವಿರಬೇಕು. ನಡುವೆ ಹೆಬ್ಬೆರಳಿನಿಂದ ತಗ್ಗು ಮಾಡದಿದ್ದರೆ ಪ್ಯಾಟಿ ಗುಡ್ಡದಂತೆ ಉಬ್ಬಿ ಅನಾನಸ್ ಬಿಲ್ಲೆ ಕೂರುವುದಿಲ್ಲ. ಒಂದು ಟೀ ಚಮಚ ಉಪ್ಪನ್ನು ತಟ್ಟಿದ ಮೇಲೆ, ಕಾವಲಿಗೆ ಹಾಕುವ ಹೊತ್ತಿಗೆ, ಎರಡೂ ಬದಿಗೆ ಉದುರಿಸಿ. ಮೊದಲೇ ಕಲಸಿದ ಉಪ್ಪು ಮಾಂಸದ ಪ್ರೋಟೀನನ್ನು ಕರಗಿಸಿ ಪ್ಯಾಟಿಯನ್ನು ರಬ್ಬರಿನಂತೆ ಬಿಗಿಯಾಗಿಸುತ್ತದೆ. ಪ್ರತಿ ಬದಿಗೆ ನಾಲ್ಕು ನಿಮಿಷ. ಥರ್ಮಾಮೀಟರ್ ಇದ್ದರೆ ನಡುವೆ 71 ಡಿಗ್ರಿ. ಸಟ್ಟುಗದಿಂದ ಒತ್ತಿದರೆ ಕೊಬ್ಬೆಲ್ಲ ಕಾವಲಿಗೆ ಹೋಗುತ್ತದೆ, ಒತ್ತಬೇಡಿ.

ಕೋಳಿಯಾದರೆ ಎದೆಭಾಗವಲ್ಲ, ತೊಡೆಭಾಗದ ಕೈಮ. ಅದಕ್ಕೆ ಎರಡು ಟೀ ಚಮಚ ಬೆಣ್ಣೆಯನ್ನೂ ಸೇರಿಸಿ, ಒಳಗೆ 74 ಡಿಗ್ರಿ ಬರುವ ತನಕ ಬೇಯಿಸಿ. ಗುಲಾಬಿ ಬಣ್ಣ ಎಲ್ಲೂ ಉಳಿಯಬಾರದು.

ಸಸ್ಯಾಹಾರದಲ್ಲಿ ಎಲ್ಲರೂ ಆಲೂಗಡ್ಡೆಯ ಕಡೆ ಕೈ ಚಾಚುತ್ತಾರೆ. ಬರೀ ಆಲೂಗಡ್ಡೆ ಹಣ್ಣಿನ ಕೆಳಗೆ ಸೋಲುತ್ತದೆ: ಮೆತ್ತನೆಯದರ ಮೇಲೆ ಮೆತ್ತನೆಯದು, ಸಪ್ಪೆಯ ಮೇಲೆ ಸಿಹಿ. ಕಾಬೂಲ್ ಕಡಲೆ ಮೇಲು. 150 ಗ್ರಾಂ ಒಣ ಕಡಲೆಯನ್ನು ರಾತ್ರಿ ನೆನೆಸಿ, ಬೆರಳಲ್ಲಿ ಒತ್ತಿದರೆ ನುಣುಪಾಗುವಷ್ಟು ಬೇಯಿಸಿ, ನೀರು ಬಸಿದು ಕಾಲು ಗಂಟೆ ಹರಡಿ ಒಣಗಿಸಿ. ತರಿತರಿಯಾಗಿ ಕುಟ್ಟಿ, ಬೇಯಿಸಿದ ಆಲೂಗಡ್ಡೆ 100 ಗ್ರಾಂ ಅಂಟಿಗೆ ಮಾತ್ರ, ಹುರಿಗಡಲೆ ಪುಡಿ 3 ದೊಡ್ಡ ಚಮಚ, ಹುರಿದ ಈರುಳ್ಳಿ, ಹಸಿಮೆಣಸಿನಕಾಯಿ, ಶುಂಠಿ, ಮುಕ್ಕಾಲು ಟೀ ಚಮಚ ಉಪ್ಪು ಸೇರಿಸಿ. ತಟ್ಟಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ, ಇಲ್ಲದಿದ್ದರೆ ಮಗುಚುವಾಗ ಒಡೆಯುತ್ತದೆ. ಚಳಿಗಾಲದಲ್ಲಿ ಹಿತಕಿದ ಅವರೆಕಾಳನ್ನು ಅರ್ಧ ಪಾಲು ಸೇರಿಸಿದರೆ ರುಚಿ ಇನ್ನೂ ಮೇಲೇರುತ್ತದೆ.

ಪನೀರಿಗೆ ತಟ್ಟುವ ಗೋಜಿಲ್ಲ. ಒಂದೂವರೆ ಸೆಂಟಿಮೀಟರ್ ದಪ್ಪದ ಹಲಗೆ ಕತ್ತರಿಸಿ, ಅರ್ಧ ಲೀಟರ್ ಬೆಚ್ಚನೆ ನೀರಿಗೆ 2 ಟೀ ಚಮಚ ಉಪ್ಪು ಹಾಕಿ 20 ನಿಮಿಷ ಮುಳುಗಿಸಿಟ್ಟರೆ ಒಳಗೂ ಉಪ್ಪು ಇಳಿಯುತ್ತದೆ. ಒರೆಸಿ, ಖಾರದಪುಡಿ ಸವರಿ, ಪ್ರತಿ ಬದಿಗೆ ಎರಡು ನಿಮಿಷ.

ಬನ್

ಬೇಕರಿಯ ಸಾದಾ ಬನ್ನಿನಲ್ಲೇ ಸಕ್ಕರೆ ಸಾಕಷ್ಟಿರುತ್ತದೆ. ಹಣ್ಣೂ ಸಿಹಿ, ಟೊಮೆಟೊ ಸಾಸೂ ಸಿಹಿ, ಬನ್ನೂ ಸಿಹಿಯಾದರೆ ಎರಡನೇ ತುತ್ತಿಗೇ ಸಾಕೆನಿಸುತ್ತದೆ. ಈ ಬರ್ಗರ್‌ಗೆ ಅಯ್ಯಂಗಾರ್ ಬೇಕರಿಯ ಖಾರಾ ಬನ್‌ಗಿಂತ ಒಳ್ಳೆಯದು ಇಲ್ಲವೆಂಬುದು ನಮ್ಮ ಖಚಿತ ಅಭಿಪ್ರಾಯ. ಅದರಲ್ಲಿರುವ ಈರುಳ್ಳಿ, ಹಸಿಮೆಣಸಿನಕಾಯಿ, ಸೊಪ್ಪು ಅನಾನಸ್‌ನ ಸಿಹಿಯನ್ನು ಹದಕ್ಕೆ ತರುತ್ತವೆ. ಚಿಕ್ಕ ಖಾರಾ ಬನ್ ಆದರೆ ಪ್ಯಾಟಿಯನ್ನೂ ಅದಕ್ಕೆ ತಕ್ಕಂತೆ 80 ಗ್ರಾಂಗೆ ಇಳಿಸಿ. ನೇಂದ್ರ ಬಾಳೆಗೆ ಪಾವ್ ಸಾಕು. ಯಾವುದಾದರೂ ಕತ್ತರಿಸಿದ ಮುಖಕ್ಕೆ ಬೆಣ್ಣೆ ಸವರಿ ಕೆಂಪಗೆ ಸುಡಲೇಬೇಕು, ಆ ಪದರವೇ ರಸವನ್ನು ತಡೆಯುವ ಗೋಡೆ.

ಗೊಜ್ಜು

ಟೊಮೆಟೊ ಸಾಸಿನ ಬದಲು ಇದನ್ನು ಮಾಡಿಕೊಳ್ಳಿ. ಪುಡಿ ಮಾಡಿದ ಬೆಲ್ಲ 3 ದೊಡ್ಡ ಚಮಚ, ಗಟ್ಟಿ ಹುಣಸೆರಸ 2 ದೊಡ್ಡ ಚಮಚ, ಬ್ಯಾಡಗಿ ಖಾರದಪುಡಿ 1 ಟೀ ಚಮಚ, ಹುರಿದ ಎಳ್ಳಿನ ಪುಡಿ 1 ಟೀ ಚಮಚ, ಉಪ್ಪು ಕಾಲು ಟೀ ಚಮಚ, ನೀರು ಕಾಲು ಲೋಟ. ಸಣ್ಣ ಉರಿಯಲ್ಲಿ ಐದಾರು ನಿಮಿಷ ಕುದಿಸಿ, ಚಮಚದ ಬೆನ್ನಿಗೆ ಹಿಡಿದಾಗ ಇಳಿಸಿ. ಆರಿದ ಮೇಲೆ ಇನ್ನೂ ಗಟ್ಟಿಯಾಗುತ್ತದೆ, ಹಾಗಾಗಿ ಒಲೆಯ ಮೇಲೆ ತುಸು ತೆಳುವಾಗಿರುವಾಗಲೇ ನಿಲ್ಲಿಸಿ. ಮಂಡ್ಯದ ಅಚ್ಚು ಬೆಲ್ಲದಲ್ಲಿ ತೀರಾ ಬೆಳ್ಳಗಿರುವುದಕ್ಕಿಂತ ಕಂದು ಬಣ್ಣದ್ದನ್ನು ಆರಿಸಿ, ಕಬ್ಬಿನ ಹಾಲಿನ ರುಚಿ ಅದರಲ್ಲಿ ಉಳಿದಿರುತ್ತದೆ. ಅನಾನಸ್ ಇದ್ದರೆ ಹುಣಸೆ ಅರ್ಧಕ್ಕೆ ಇಳಿಸಿ, ಗಿಣಿಮೂತಿ ಇದ್ದರೆ ಹುಣಸೆಯೇ ಬೇಡ, ನೇಂದ್ರಕ್ಕೆ ಒಂದು ಚಮಚ ಹೆಚ್ಚಿಸಿ.

ಯಾವುದಕ್ಕೆ ಯಾವುದು

ಮಟನ್‌ಗೆ ಅನಾನಸ್ ಅಥವಾ ಸೀಬೆ. ಕೋಳಿಗೆ ಗಿಣಿಮೂತಿ, ಜೊತೆಗೆ ಪುದೀನ. ಕಡಲೆ ಪ್ಯಾಟಿಗೆ ಅನಾನಸ್, ಇಲ್ಲಿ ಚೀಸ್ ಒಂದು ಹಾಳೆ ಇರಲಿ, ಕಾಳಿನಲ್ಲಿಲ್ಲದ ಕೊಬ್ಬನ್ನು ಅದು ತುಂಬುತ್ತದೆ. ಪನೀರಿಗೆ ಗಿಣಿಮೂತಿ ಮೊದಲು, ಅನಾನಸ್ ಆಮೇಲೆ. ನೇಂದ್ರವನ್ನು ಮಟನ್ ಜೊತೆ ಖಾರವಾಗಿ ಮಾಡಿ, ಚೀಸ್ ಹಾಕದೆ ಹುರಿಗಡಲೆ ಚಟ್ನಿಪುಡಿ ಉದುರಿಸಿ. ಬಾಳೆ ಮತ್ತು ಪನೀರ್ ಒಟ್ಟಿಗೆ ಬೇಡ, ಎರಡೂ ಸಪ್ಪೆಗೆ ಎಳೆಯುತ್ತವೆ.

ಒಂದೇ ಕಾವಲಿಯಾದರೆ ಮೊದಲು ಬನ್, ಆಮೇಲೆ ಪ್ಯಾಟಿ, ಕೊನೆಗೆ ಹಣ್ಣು. ಪ್ಯಾಟಿ ಮೂರು ನಿಮಿಷ ಸುಮ್ಮನೆ ಕೂರಬೇಕು, ಅಷ್ಟರಲ್ಲಿ ಕಾವಲಿಯನ್ನು ಬಟ್ಟೆಯಿಂದ ಒರೆಸಿ ಉಳಿದ ಕೊಬ್ಬಿನ ಜಿಡ್ಡಿನಲ್ಲೇ ಹಣ್ಣು ಸುಡಬಹುದು. ಹಣ್ಣು ಮೊದಲು ಸುಟ್ಟರೆ ಅದರ ಸಕ್ಕರೆ ಕಾವಲಿಯಲ್ಲಿ ಉಳಿದು ಪ್ಯಾಟಿ ಕಪ್ಪಾಗುತ್ತದೆ. ಮನೆಯಲ್ಲಿ ಮಾಂಸ ತಿನ್ನದವರಿದ್ದರೆ ಅವರ ಹಣ್ಣಿಗೆ ಬೇರೆ ಕಾವಲಿ ಇಡಿ.

ಜೋಡಿಸುವಾಗ ಕೆಳಗಿನ ಬನ್ನಿನ ಮೇಲೆ ತೆಳ್ಳಗೆ ಸೀಳಿದ ಎಲೆಕೋಸು, ಅದರ ಮೇಲೆ ಪ್ಯಾಟಿ, ಚೀಸ್, ಹಣ್ಣು, ಉಪ್ಪು ನಿಂಬೆಯಲ್ಲಿ ಹಿಚುಕಿದ ಈರುಳ್ಳಿ. ಗೊಜ್ಜು ಮೇಲಿನ ಬನ್ನಿಗೆ. ಹಣ್ಣು ಪ್ಯಾಟಿಯ ಮೇಲಿದ್ದರೆ ಅದರ ರಸ ಮಾಂಸಕ್ಕೆ ಇಳಿಯುತ್ತದೆ, ಕೆಳಗಿದ್ದರೆ ಬನ್ನಿಗೆ ಇಳಿದು ತಳ ಕಿತ್ತುಬರುತ್ತದೆ. ಮಕ್ಕಳ ಡಬ್ಬಿಗೆ ಕಳಿಸುವುದಾದರೆ ಸುಟ್ಟ ಹಣ್ಣನ್ನು ತಣ್ಣಗಾಗಿಸಿ ಬೇರೆ ಚಿಕ್ಕ ಡಬ್ಬಿಯಲ್ಲಿ ಹಾಕಿಕೊಡಿ. ಅವರೇ ತಿನ್ನುವಾಗ ಬನ್ ತೆರೆದು ಇಟ್ಟುಕೊಳ್ಳಲಿ. ಆ ಡಬ್ಬಿಗೆ ಕಡಲೆ ಪ್ಯಾಟಿ ಸಾಕು, ಬೇಯಿಸಿದ ಕೈಮವನ್ನು ಹೊರಗಿನ ಬಿಸಿಗೆ ಎರಡು ಗಂಟೆಗಿಂತ ಹೆಚ್ಚು ಇಡಬಾರದು.